ಫೋನ್ ಸಾಕಾ, ಟ್ಯಾಬ್ ಬೇಕಾ, ಲ್ಯಾಪ್‌ಟಾಪೇ ಬೇಕಾ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಮೊಬೈಲ್ ಅಂಗಡಿಗಳಲ್ಲಿ ಮಾತು ಸಾಮಾನ್ಯವಾಗಿ ಕ್ಯಾಮೆರಾದಿಂದಲೇ ಶುರುವಾಗುತ್ತದೆ. "ಕಾಕಾ, ಇದು ತಗೋರಿ, ಕ್ಯಾಮೆರಾ ಮಸ್ತ್ ಅದ" ಅಂತ ಹುಡುಗ ಡಬ್ಬಿ ತೆಗೆದು ಮುಂದಿಡುತ್ತಾನೆ. ಕಾಕಾ ಬಂದಿರುವುದು ಮಗಳ ಓದಿಗೆ ಏನಾದರೂ ಕೊಡಿಸೋಣ ಅಂತ. ಅವಳಿಗೆ ಬೇಕಾಗಿರುವುದು ಪಿಡಿಎಫ್ ಓದಲು, ನೋಟ್ಸ್ ಟೈಪ್ ಮಾಡಲು, ಅರ್ಜಿ ತುಂಬಲು ಒಂದು ಸಾಧನ. ಕ್ಯಾಮೆರಾ ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ ಬರುತ್ತದೆ.

ಮನೆಯಲ್ಲಿ ಒಂದು ಸ್ಮಾರ್ಟ್‌ಫೋನ್ ಆಗಲೇ ಇದೆ ಅಂತ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹಾಗಿದ್ದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈಗಿರುವ ಫೋನಿನಲ್ಲಿ ಯಾವ ಕೆಲಸ ಆಗ್ತಾ ಇಲ್ಲ? ಆ ಕೆಲಸಕ್ಕೆ ದುಡ್ಡು ಹಾಕಿ. ಫೋನಿನಲ್ಲಿ ಚೆನ್ನಾಗಿ ಆಗುವ ಕೆಲಸಕ್ಕೇ ಇನ್ನೊಂದು ಸಾಧನ ತಂದರೆ ಅದು ಬೀರುವಿನಲ್ಲಿ ಕೂರುತ್ತದೆ.

ಹೆಜ್ಜೆ 1: ಒಂದು ವಾರದ ಕೆಲಸ ಬರೆದಿಡಿ

ಅಂಗಡಿಗೆ ಹೋಗುವ ಮುಂಚೆ ಒಂದು ವಾರ ಒಂದು ಹಾಳೆ ಇಟ್ಟುಕೊಳ್ಳಿ. ಫೋನಿನಲ್ಲಿ ಏನು ಮಾಡಿದಿರಿ, ಎಲ್ಲಿ ಕಷ್ಟ ಆಯ್ತು, ಯಾವುದಕ್ಕೆ ಇಂಟರ್ನೆಟ್ ಸೆಂಟರ್‌ಗೆ ಹೋಗಬೇಕಾಯ್ತು ಅಂತ ಬರೆಯಿರಿ. ಮನೆಯವರ ಹತ್ತಿರವೂ ಬರೆಸಿ. ಆಮೇಲೆ ಆ ಪಟ್ಟಿಯನ್ನು ಎರಡು ಪಾಲು ಮಾಡಿ: ನೋಡುವ, ಓದುವ ಕೆಲಸ ಒಂದು ಕಡೆ, ಬರೆಯುವ, ತುಂಬುವ, ಲೆಕ್ಕ ಮಾಡುವ ಕೆಲಸ ಇನ್ನೊಂದು ಕಡೆ.

ಪಹಣಿ ನೋಡುವುದು, ಹವಾಮಾನ ನೋಡುವುದು, ಕೃಷಿ ಮಾರುಕಟ್ಟೆ ಇರುವ ಗಂಜ್‌ನಲ್ಲಿ ತೊಗರಿ ಧಾರಣೆ ಕೇಳುವುದು, ಹಣ ಕಳಿಸುವುದು, ವಾಟ್ಸಾಪ್, ಯೂಟ್ಯೂಬ್. ಪಟ್ಟಿಯಲ್ಲಿ ಇಷ್ಟೇ ಇದ್ದರೆ ಫೋನ್ ಸಾಕು. ಹಳೆಯದು ನಿಧಾನ ಆಗಿದ್ದರೆ ಸ್ವಲ್ಪ ದೊಡ್ಡ ಪರದೆಯ ಹೊಸ ಫೋನ್ ತಗೊಳ್ಳಿ, ಟ್ಯಾಬ್ ಯೋಚನೆ ಬಿಡಿ. ವಯಸ್ಸಾದವರಿಗೆ ಅಕ್ಷರ ಕಾಣ್ತಾ ಇಲ್ಲ ಅಂದರೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಡಿಸ್‌ಪ್ಲೇಯಲ್ಲಿ ಅಕ್ಷರದ ಗಾತ್ರ ಹೆಚ್ಚು ಮಾಡಿ ನೋಡಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಸಮಸ್ಯೆ ಮುಗಿಯುತ್ತದೆ.

ಪಟ್ಟಿಯಲ್ಲಿ ಓದುವುದು ಜಾಸ್ತಿ ಇದ್ದರೆ ಟ್ಯಾಬ್ ಕಡೆ ನೋಡಿ. ಬರೆಯುವುದು, ತುಂಬುವುದು ಜಾಸ್ತಿ ಇದ್ದರೆ ಲ್ಯಾಪ್‌ಟಾಪ್. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 2: ಪರದೆಯನ್ನು ಎ4 ಹಾಳೆಯ ಜೊತೆ ಅಳೆಯಿರಿ

ಇಂಚಿನ ಲೆಕ್ಕ ಕೇಳಿದರೆ ಏನೂ ಅಂದಾಜಾಗುವುದಿಲ್ಲ. ಎ4 ಹಾಳೆ ಇಟ್ಟುಕೊಂಡರೆ ತಟ್ಟನೆ ಗೊತ್ತಾಗುತ್ತದೆ. ಹಳೆಯ ಪ್ರಶ್ನೆಪತ್ರಿಕೆ, ಕೋಚಿಂಗ್ ನೋಟ್ಸ್, ಸರ್ಕಾರಿ ಆದೇಶ, ಅಧಿಸೂಚನೆ ಹೆಚ್ಚಾಗಿ ಎ4 ಗಾತ್ರದಲ್ಲೇ ಬರುತ್ತವೆ. ಆ ಹಾಳೆಯ ಅಗಲ 21 ಸೆಂಟಿಮೀಟರ್, ಎತ್ತರ 29.7.

6.7 ಇಂಚಿನ ಫೋನನ್ನು ನೆಟ್ಟಗೆ ಹಿಡಿದರೆ ಪರದೆಯ ಅಗಲ ಸುಮಾರು 7 ಸೆಂಟಿಮೀಟರ್. ಅಂದರೆ ಹಾಳೆ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. 12 ಪಾಯಿಂಟ್ ಅಕ್ಷರ 4 ಪಾಯಿಂಟ್ ಆಗುತ್ತದೆ. ಅದನ್ನು ಓದಲು ಆಗುವುದಿಲ್ಲ. ದೊಡ್ಡದು ಮಾಡಬೇಕು, ಎಡಕ್ಕೆ ಬಲಕ್ಕೆ ಎಳೆಯಬೇಕು. ಪ್ರತಿ ಸಾಲಿಗೂ ಎಳೆದು ಎಳೆದು ಅರ್ಧ ಗಂಟೆಯಲ್ಲಿ ಓದುವ ಮನಸ್ಸೇ ಹೋಗುತ್ತದೆ. ಮಕ್ಕಳು "ಫೋನ್‌ನಾಗ ಓದಲಿಕ್ಕೆ ಆಗಂಗಿಲ್ಲ" ಅಂದರೆ ಅದು ಸೋಮಾರಿತನ ಅಲ್ಲ.

8.7 ಇಂಚಿನ ಸಣ್ಣ ಟ್ಯಾಬ್‌ನ ಅಗಲ ಸುಮಾರು 11 ಸೆಂಟಿಮೀಟರ್. ಹಾಳೆ ಅರ್ಧಕ್ಕೆ ಇಳಿಯುತ್ತದೆ. ಕಥೆ, ಕಾದಂಬರಿ ಓದಲು ಚೆನ್ನ, ಎ4 ನೋಟ್ಸ್‌ಗೆ ಕಷ್ಟ. 11 ಇಂಚಿನ ಟ್ಯಾಬ್ ನೆಟ್ಟಗೆ ಹಿಡಿದರೆ ಸುಮಾರು 15 ಸೆಂಟಿಮೀಟರ್ ಸಿಗುತ್ತದೆ. ಹಾಳೆ ಶೇ. 70ರಷ್ಟು ಗಾತ್ರದಲ್ಲಿ ಪೂರ್ತಿ ಕಾಣುತ್ತದೆ. 12 ಪಾಯಿಂಟ್ ಅಕ್ಷರ 8 ಪಾಯಿಂಟ್ ಮೇಲೆ ಉಳಿಯುತ್ತದೆ. ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ತೊಡಕು. 14 ಇಂಚಿನ ಪರದೆ ಅಗಲಕ್ಕೆ 31 ಸೆಂಟಿಮೀಟರ್ ಇದ್ದರೂ ಎತ್ತರ 17–19 ಮಾತ್ರ. ನಿಜವಾದ ಗಾತ್ರದಲ್ಲಿ ಅರ್ಧ ಪುಟಕ್ಕಿಂತ ಸ್ವಲ್ಪ ಜಾಸ್ತಿ ಕಾಣುತ್ತದೆ, ಉಳಿದದ್ದಕ್ಕೆ ಕೆಳಗೆ ಸರಿಸಬೇಕು. ಹಾಗಾಗಿ ಬರೀ ಓದುವುದಕ್ಕೆ ಲ್ಯಾಪ್‌ಟಾಪಿಗಿಂತ 11 ಇಂಚಿನ ಟ್ಯಾಬ್ ಮೇಲು. ಹಾಸ್ಟೆಲ್ ಮಂಚದ ಮೇಲೆ, ಕಡಗಂಚಿಗೆ ಹೋಗುವ ಬಸ್ಸಿನಲ್ಲಿ, ಗ್ರಂಥಾಲಯದ ಮೂಲೆಯಲ್ಲಿ ಎಲ್ಲಿ ಬೇಕಾದರೂ ಕೈಯಲ್ಲಿ ಹಿಡಿದು ಓದಬಹುದು. ಪೆನ್ ಕೆಲಸ ಮಾಡುವ ಟ್ಯಾಬ್ ಆದರೆ ಪಿಡಿಎಫ್ ಮೇಲೆಯೇ ಗೆರೆ ಎಳೆದು ಗುರುತು ಹಾಕಬಹುದು. ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಅಂತ ತಯಾರಿ ನಡೆಸಿರುವವರು ಪ್ರಿಂಟ್‌ಗೆ ಹಾಕುವ ಖರ್ಚು ಲೆಕ್ಕ ಹಾಕಿ ನೋಡಲಿ, ಟ್ಯಾಬ್‌ನ ಬೆಲೆ ಅಷ್ಟು ದೊಡ್ಡದು ಅನ್ನಿಸುವುದಿಲ್ಲ.

ಹೆಜ್ಜೆ 3: ಅರ್ಜಿ ತುಂಬುವಾಗ ಏನಾಗುತ್ತದೆ, ನೋಡಿ

ನಮ್ಮ ಕಡೆ ಜನ ಹೆಚ್ಚು ಒದ್ದಾಡುವುದು ಇಲ್ಲಿ. ನೌಕರಿಯ ಆನ್‌ಲೈನ್ ಅರ್ಜಿ ತುಂಬುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ಹೆಸರು, ವಿಳಾಸ, ಅಂಕಗಳು, ಕಲ್ಯಾಣ ಕರ್ನಾಟಕದವರಿಗೆ ಸಿಗುವ 371(ಜೆ) ಮೀಸಲಾತಿ ಪ್ರಮಾಣಪತ್ರದ ನಂಬರ್ ಎಲ್ಲ ಹಾಕಿದ್ದೀರಿ. ಒಟಿಪಿ ಬಂತು. ಅದನ್ನು ನೋಡಲು ಮೆಸೇಜ್‌ಗೆ ಹೋದಿರಿ. ಪ್ರಮಾಣಪತ್ರ ಹುಡುಕಲು ಡಿಜಿಲಾಕರ್ ತೆರೆದಿರಿ. ಫೋಟೋ ಚಿಕ್ಕದು ಮಾಡಲು ಮತ್ತೊಂದು ಆ್ಯಪ್. ತಿರುಗಿ ಬ್ರೌಸರ್‌ಗೆ ಬಂದರೆ ಪುಟ ಹೊಸದಾಗಿ ಲೋಡ್ ಆಗ್ತಾ ಇದೆ. ತುಂಬಿದ್ದೆಲ್ಲ ಖಾಲಿ.

ಇದಕ್ಕೆ ಕಾರಣ ಹೆಚ್ಚಾಗಿ, ತೆರೆದಿರುವ ಆ್ಯಪ್‌ಗಳಿಗೆ ಬೇಕಾದ ತಾತ್ಕಾಲಿಕ ಜಾಗ, ಅಂದರೆ ರ‍್ಯಾಮ್. ಕಡಿಮೆ ರ‍್ಯಾಮ್ ಇರುವ ಫೋನಿನಲ್ಲಿ ಹೊಸ ಆ್ಯಪ್ ತೆರೆದಾಗ ಜಾಗ ಸಾಲುವುದಿಲ್ಲ. ಆಗ ಆಂಡ್ರಾಯ್ಡ್ ಹಿಂದೆ ಇದ್ದ ಬ್ರೌಸರನ್ನು ಸುಮ್ನೆ ಮುಚ್ಚಿಬಿಡುತ್ತದೆ. ನೀವು ವಾಪಸ್ ಬಂದಾಗ ಪುಟವನ್ನು ಮತ್ತೆ ತರಿಸುತ್ತದೆ, ನೀವು ಟೈಪ್ ಮಾಡಿದ್ದು ಅಲ್ಲಿ ಇರುವುದಿಲ್ಲ. ಎಲ್ಲರೂ ನೆಟ್‌ವರ್ಕ್ ಬೈತಾರೆ. ತಪ್ಪು ಹೆಚ್ಚಿನ ಸಲ ನೆಟ್‌ವರ್ಕಿನದಲ್ಲ.

ಹಾಗಾಗಿ ಫೋನ್ ಇರಲಿ, ಟ್ಯಾಬ್ ಇರಲಿ, 6 ಜಿಬಿ ರ‍್ಯಾಮ್‌ಗಿಂತ ಕಡಿಮೆ ಬೇಡ. 8 ಜಿಬಿ ಸಿಕ್ಕರೆ ಇನ್ನೂ ಒಳ್ಳೆಯದು. ಡಬ್ಬಿಯ ಮೇಲೆ "4 ಜಿಬಿ ಪ್ಲಸ್ 4 ಜಿಬಿ" ಅಂತ ಬರೆದಿದ್ದರೆ ನಿಜವಾದ ರ‍್ಯಾಮ್ 4 ಮಾತ್ರ. ಎರಡನೆಯ 4 ಅನ್ನುವುದು ಸ್ಟೋರೇಜ್‌ನಿಂದ ಎರವಲು ಪಡೆದ ಜಾಗ. ಸ್ಟೋರೇಜ್ ರ‍್ಯಾಮ್‌ಗಿಂತ ತುಂಬಾ ನಿಧಾನ, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈಗಿರುವ ಫೋನಿನಲ್ಲೇ ತುಂಬಲೇಬೇಕು ಅಂದರೆ ದಾರಿ ಇದೆ. ಫೋಟೋ, ಸಹಿ, ಪಿಡಿಎಫ್ ಎಲ್ಲವನ್ನೂ ಕೇಳಿದ ಕೆಬಿ ಅಳತೆಗೆ ಮೊದಲೇ ತಂದು ಒಂದೇ ಫೋಲ್ಡರಿನಲ್ಲಿಡಿ. ನಂಬರ್‌ಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಒಟಿಪಿಯನ್ನು ಮೇಲಿಂದ ಇಳಿಯುವ ನೋಟಿಫಿಕೇಶನ್‌ನಲ್ಲೇ ಓದಿ, ಬ್ರೌಸರ್ ಬಿಟ್ಟು ಹೋಗಬೇಡಿ. ಉಳಿದ ಆ್ಯಪ್‌ಗಳನ್ನು ಮುಚ್ಚಿ.

ಲ್ಯಾಪ್‌ಟಾಪಿನಲ್ಲಿ ಈ ಪರದಾಟ ಕಡಿಮೆ. ಒಂದು ಕಡೆ ಅರ್ಜಿ, ಪಕ್ಕದಲ್ಲಿ ಪ್ರಮಾಣಪತ್ರ ತೆರೆದಿಟ್ಟು ನೋಡಿ ನೋಡಿ ತುಂಬಬಹುದು. ಮನೆಯಲ್ಲಿ ಇಬ್ಬರು ಮೂವರು ನೌಕರಿಗೆ ಅರ್ಜಿ ಹಾಕುವವರು, ಡಿಗ್ರಿ ಓದುವವರು ಇದ್ದರೆ ಎಲ್ಲರಿಗೂ ಸೇರಿ ಒಂದು ಲ್ಯಾಪ್‌ಟಾಪ್ ಇರುವುದು ಒಳ್ಳೆಯದು.

ಹೆಜ್ಜೆ 4: ಕನ್ನಡ ಟೈಪಿಂಗ್ ಎಷ್ಟು ಬೇಕು?

ಬೇರೆ ಭಾಷೆಯವರ ಸಲಹೆ ಓದಿ ಟ್ಯಾಬ್ ತಗೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ನಾಲ್ಕು ಸಾಲಿನ ಕನ್ನಡಕ್ಕೆ ಫೋನ್ ತುಂಬಾ ಚೆನ್ನ. ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್ ಹಾಕಿಕೊಂಡರೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸಬಹುದು, ಬೆರಳಿನಿಂದ ಬರೆಯಬಹುದು, ಮೈಕ್ ಒತ್ತಿ ಮಾತಾಡಿಯೂ ಬರೆಸಬಹುದು. ಮೈಕ್‌ಗೆ ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಹೇಳಿದರೆ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಕಡೆಯ "ಮಾಡ್ಲಕತ್ತೀನಿ", "ಹೋಗ್ಲಕತ್ತಾರ" ಅಂದರೆ ತಡವರಿಸುತ್ತದೆ.

ಆದರೆ ನಾಲ್ಕು ಪುಟದ ಅರ್ಜಿ, ಶಾಲೆಯ ವರದಿ, ಸಂಘದ ನಡಾವಳಿ ಟೈಪ್ ಮಾಡಬೇಕಾದರೆ ಕೀಬೋರ್ಡ್ ಬೇಕು. "ಟ್ಯಾಬ್‌ಗೆ ಬ್ಲೂಟೂತ್ ಕೀಬೋರ್ಡ್ ಹಾಕ್ಕೊಳ್ರಿ, ಲ್ಯಾಪ್‌ಟಾಪ್ ಆಗ್ತದ" ಅಂತ ಅಂಗಡಿಯವರು ಹೇಳುತ್ತಾರೆ. ಇಂಗ್ಲಿಷ್‌ಗೆ ಆ ಮಾತು ತಕ್ಕ ಮಟ್ಟಿಗೆ ಸರಿ. ಕನ್ನಡ ಬರುತ್ತದಾ ಅಂತ ದುಡ್ಡು ಕೊಡುವ ಮುಂಚೆ ಅಲ್ಲೇ ಕೀಬೋರ್ಡ್ ಜೋಡಿಸಿ ಟೈಪ್ ಮಾಡಿ ನೋಡಿ. "ಶ್ರೀ ಶರಣಬಸವೇಶ್ವರ" ಅಂತ ಹೊಡೆದು ನೋಡಿ. ಅದು ಸಲೀಸಾಗಿ ಬಂದರೆ ಸರಿ.

ಇನ್ನು ನುಡಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ನಮ್ಮ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಬೇರು ಬಿಟ್ಟಿದೆ. ಹಳೆಯ ನುಡಿ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ. ಅದೇ ವರ್ಡ್ ಫೈಲನ್ನು ಫೋನಿನಲ್ಲೋ ಟ್ಯಾಬ್‌ನಲ್ಲೋ ತೆರೆದರೆ ಅರ್ಥವಾಗದ ಚಿಹ್ನೆಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ನೀವು ಫೋನಿನಲ್ಲಿ ಬರೆದದ್ದು ಯುನಿಕೋಡ್, ಅಂದರೆ ಎಲ್ಲ ಸಾಧನಗಳಲ್ಲೂ ಓದಲು ಬರುವ ಅಕ್ಷರ ಪದ್ಧತಿ. ಅದನ್ನು ನುಡಿಗೆ, ನುಡಿಯಿಂದ ಯುನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳು ಇವೆ. ದಿನಾ ಇಂಥ ಫೈಲ್ ಬರುವ ಕೆಲಸ ನಿಮ್ಮದಾದರೆ ವಿಂಡೋಸ್ ಲ್ಯಾಪ್‌ಟಾಪ್ ಬಿಟ್ಟು ಬೇರೆ ದಾರಿ ಹುಡುಕಬೇಡಿ. ಕಳಿಸುವವರಿಗೆ "ಪಿಡಿಎಫ್ ಮಾಡಿ ಕಳಿಸ್ರಿ" ಅಂತ ಹೇಳಿದರೆ ಓದುವ ಮಟ್ಟಿಗೆ ಫೋನಿನಲ್ಲೂ ಸರಿಯಾಗಿ ಕಾಣುತ್ತದೆ.

ಹೆಜ್ಜೆ 5: ವಿಂಡೋಸೇ ಬೇಕಾದ ಕೆಲಸ ಇದೆಯಾ?

ಗಂಜ್‌ನಲ್ಲಿ ಅಡತಿ ಅಂಗಡಿ ಇದ್ದು ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರು, ಟೆಂಡರ್ ಹಾಕುವ ಗುತ್ತಿಗೆದಾರರು, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇಟ್ಟುಕೊಂಡವರು ಯೋಚನೆ ಮಾಡುವ ಅಗತ್ಯವಿಲ್ಲ. ವಿಂಡೋಸ್ ಲ್ಯಾಪ್‌ಟಾಪ್ ತಗೊಳ್ಳಿ. ಸರ್ಕಾರಿ ನೌಕರಿಯಲ್ಲಿ ಇರುವವರಿಗೆ 2012ರ ನಿಯಮದ ಪ್ರಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇದೆ. ಅದಕ್ಕೂ ಮೌಸ್, ಕೀಬೋರ್ಡ್ ಮೇಲೆ ಕೈ ಕೂರಬೇಕು, ಟ್ಯಾಬ್‌ನಲ್ಲಿ ಆ ಅಭ್ಯಾಸ ಆಗುವುದಿಲ್ಲ.

ವರ್ಡ್, ಎಕ್ಸೆಲ್ ಬಗ್ಗೆ ಒಂದು ಮಾತು. ಮೈಕ್ರೋಸಾಫ್ಟ್‌ನ ಮೊಬೈಲ್ ಆ್ಯಪ್‌ಗಳಲ್ಲಿ 10.1 ಇಂಚು ಅಥವಾ ಅದಕ್ಕಿಂತ ಚಿಕ್ಕ ಪರದೆಯಲ್ಲಿ ಫೈಲ್ ತಿದ್ದುವುದು ಉಚಿತ. ಪರದೆ ಅದಕ್ಕಿಂತ ದೊಡ್ಡದಾದರೆ ಚಂದಾ ಕೇಳುತ್ತದೆ. 11 ಇಂಚಿನ ಟ್ಯಾಬ್ ತಂದು "ಫೋನ್‌ನಾಗ ಆಗ್ತಿತ್ತು, ಇದ್ರಾಗ ಯಾಕ ಆಗವಲ್ದು" ಅಂತ ತಲೆ ಕೆಡಿಸಿಕೊಳ್ಳುವವರಿಗೆ ಇದೇ ಉತ್ತರ. ಗೂಗಲ್ ಡಾಕ್ಸ್, ಶೀಟ್ಸ್‌ಗೆ ಈ ಮಿತಿ ಇಲ್ಲ.

ಹೆಜ್ಜೆ 6: ಈಗ ಮಾಡೆಲ್ ನೋಡಿ

ಟ್ಯಾಬ್ ಆದರೆ: 10.5ರಿಂದ 11 ಇಂಚು, 6 ಅಥವಾ 8 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್. ಆಂಡ್ರಾಯ್ಡ್ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಅಂತ ಕೇಳಿ. ಹೆಸರೇ ಕೇಳದ ಕಂಪನಿಯ, 3 ಜಿಬಿ ರ‍್ಯಾಮ್‌ನ ಅಗ್ಗದ ಟ್ಯಾಬ್ ಮಕ್ಕಳಿಗೆ ಅಂತ ತರಬೇಡಿ. ಅದರಲ್ಲಿ ಒಂದು ದೊಡ್ಡ ಪಿಡಿಎಫ್ ತೆರೆಯಲೂ ತಿಣುಕುತ್ತದೆ, ಮಗುವಿಗೆ ಓದಿನ ಮೇಲೇ ಬೇಜಾರು ಬರುತ್ತದೆ. ಐಪ್ಯಾಡ್ ತಗೊಳ್ಳುವ ಶಕ್ತಿ ಇದ್ದರೆ ಅದು ವರ್ಷಗಟ್ಟಲೆ ಅಪ್‌ಡೇಟ್ ಪಡೆಯುತ್ತದೆ, ಓದಲು ಬರೆಯಲು ಬಹಳ ಚೆನ್ನ. ನುಡಿ, ಟ್ಯಾಲಿ ಮಾತ್ರ ಅದರಲ್ಲಿ ನಡೆಯುವುದಿಲ್ಲ.

ಸಿಮ್ ಹಾಕುವ ಟ್ಯಾಬ್ ಬೇಕಾ, ಬರೀ ವೈಫೈ ಸಾಕಾ? ಮನೆಯಲ್ಲಿ ವೈಫೈ ಇದ್ದು, ಹೊರಗೆ ಯಾವಾಗಲೋ ಒಮ್ಮೆ ಬಳಸುವುದಾದರೆ ವೈಫೈ ಸಾಕು, ಫೋನಿನ ಹಾಟ್‌ಸ್ಪಾಟ್ ಹಾಕಿಕೊಳ್ಳಬಹುದು. ಹಾಸ್ಟೆಲ್‌ನಲ್ಲಿ ಇದ್ದು ದಿನಾ ಹಾಟ್‌ಸ್ಪಾಟ್ ಮೇಲೆ ನಡೆಯುವುದಾದರೆ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ. ಅಂಥವರಿಗೆ ಸಿಮ್ ಇರುವುದೇ ಸರಿ.

ಲ್ಯಾಪ್‌ಟಾಪ್ ಆದರೆ: 8 ಜಿಬಿ ರ‍್ಯಾಮ್ ಕನಿಷ್ಠ, ಎಸ್‌ಎಸ್‌ಡಿ ಸ್ಟೋರೇಜ್ ಕಡ್ಡಾಯ. ಅಗ್ಗದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ 4 ಜಿಬಿ ರ‍್ಯಾಮ್, ಎಸ್‌ಎಸ್‌ಡಿಗಿಂತ ನಿಧಾನವಾದ ಇಎಂಎಂಸಿ ಸ್ಟೋರೇಜ್ ಇರುತ್ತದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಅಂತ ಮೈಕ್ರೋಸಾಫ್ಟ್ ಹೇಳಿದೆ, ಆದರೆ ಅದರಲ್ಲಿ ಬ್ರೌಸರ್‌ನಲ್ಲಿ ಎರಡು ಪುಟ ತೆರೆದು ಕೆಲಸ ಮಾಡಿ ನೋಡಿದವರಿಗೆ ಗೊತ್ತು ಅದರ ಕಷ್ಟ. ಅಂಥ ಹೊಸದಕ್ಕಿಂತ ಕಂಪನಿಗಳು ಬಳಸಿ ಬಿಟ್ಟ ಹಳೆಯ ಬಿಸಿನೆಸ್ ಲ್ಯಾಪ್‌ಟಾಪ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕೀಬೋರ್ಡ್ ಗಟ್ಟಿ ಇರುತ್ತದೆ, ರ‍್ಯಾಮ್ ಹೆಚ್ಚಿಸಲು ಹಲವು ಮಾಡೆಲ್‌ಗಳಲ್ಲಿ ಅವಕಾಶ ಇರುತ್ತದೆ.

ಆದರೆ ಹಳೆಯದರಲ್ಲಿ ಒಂದು ವಿಷಯ ನೋಡಲೇಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಡೆಯಬೇಕಾದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. "ಐ5 ಅದರೀ" ಅಂತ ಮಾತ್ರ ಹೇಳಿದರೆ ಸಾಲದು, ಯಾವ ತಲೆಮಾರಿನ ಐ5 ಅಂತ ಕೇಳಿ. ಐ5 ಆದಮೇಲೆ ಬರುವ ಸಂಖ್ಯೆ 8250 ಅಂತ ಇದ್ದರೆ 8ನೇದು, 6200 ಅಂತ ಇದ್ದರೆ 6ನೇದು. 6ನೇದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬಿಡಿ.

ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಓಎಸ್ ಇರುವ ಲ್ಯಾಪ್‌ಟಾಪ್ ಕ್ರೋಮ್‌ಬುಕ್. ಅದು ಬ್ರೌಸಿಂಗ್‌ಗೆ, ಗೂಗಲ್ ಡಾಕ್ಸ್‌ಗೆ ಹಗುರ, ವೇಗ. ಕೀಬೋರ್ಡೂ ಇದೆ. ಇಡೀ ಕೆಲಸ ಬ್ರೌಸರ್‌ನಲ್ಲೇ ನಡೆಯುವವರಿಗೆ ಮಾತ್ರ ಇದು. ತಗೊಳ್ಳುವ ಮುಂಚೆ ಅದರ ಸ್ವಯಂ ಅಪ್‌ಡೇಟ್ ಯಾವ ವರ್ಷದವರೆಗೆ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ.

ಹೆಜ್ಜೆ 7: ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಬೀದರ್‌ನಲ್ಲಿ ಸ್ವಲ್ಪ ತಣ್ಣಗಿದ್ದೀತು, ಯಾದಗಿರಿಯಲ್ಲಿ ಅದೂ ಇಲ್ಲ. ಆಪಲ್ ತನ್ನ ಐಫೋನ್, ಐಪ್ಯಾಡ್ ಬಳಸಲು ಹೇಳಿರುವ ಸುತ್ತಲಿನ ಉಷ್ಣತೆ 0ರಿಂದ 35 ಡಿಗ್ರಿ. ಅಂದರೆ ಬೇಸಿಗೆಯ ಮಧ್ಯಾಹ್ನ ನಾವು ಆ ಮಿತಿಯ ಆಚೆಗೇ ಇರುತ್ತೇವೆ. ಲಿಥಿಯಂ ಬ್ಯಾಟರಿಗೆ ಸೆಕೆ ಒಗ್ಗುವುದಿಲ್ಲ. ಬಿಸಿಯಲ್ಲೇ ಇಟ್ಟು ಬಿಸಿಯಲ್ಲೇ ಚಾರ್ಜ್ ಮಾಡಿದರೆ ಅದರ ಶಕ್ತಿ ಬೇಗ ಕುಗ್ಗುತ್ತದೆ, ಆ ನಷ್ಟ ವಾಪಸ್ ಬರುವುದಿಲ್ಲ.

ಹಾಗಾಗಿ ಗಾಡಿಯ ಡಿಕ್ಕಿಯಲ್ಲಿ, ನಿಲ್ಲಿಸಿದ ಕಾರಿನಲ್ಲಿ, ಪತ್ರಾಸ್ ಛಾವಣಿಯ ಕೆಳಗೆ ಸಾಧನ ಇಡಬೇಡಿ. ಚಾರ್ಜಿಂಗ್ ರಾತ್ರಿಯಲ್ಲೋ ಬೆಳಗಿನ ತಂಪಿನಲ್ಲೋ ಮಾಡಿ. ಚಾರ್ಜ್ ಆಗುವಾಗ ದಪ್ಪ ಕವರ್ ತೆಗೆಯಿರಿ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ ಇಟ್ಟರೆ ಕೆಳಗಿನ ಗಾಳಿಕಿಂಡಿ ಮುಚ್ಚುತ್ತದೆ, ಮಣೆಯೋ ಹಲಗೆಯೋ ಇಟ್ಟು ಅದರ ಮೇಲಿಡಿ.

ಕರೆಂಟ್ ಹೋಗುವುದರ ಬಗ್ಗೆ: ಮೂರಕ್ಕೂ ಬ್ಯಾಟರಿ ಇದೆ, ರೂಟರ್‌ಗೆ ಇಲ್ಲ. ವೈಫೈ ನಂಬಿಕೊಂಡು ಆನ್‌ಲೈನ್ ಕ್ಲಾಸ್ ಇರುವವರು ರೂಟರ್‌ಗೆ ಒಂದು ಸಣ್ಣ ಯುಪಿಎಸ್ ತಂದಿಡಿ.

ಹೆಜ್ಜೆ 8: ಅಂಗಡಿಯಲ್ಲಿ ಕೂತು ಪರೀಕ್ಷೆ ಮಾಡಿ

ನಿಮ್ಮದೇ ಒಂದು ಎ4 ಪಿಡಿಎಫ್ ಫೋನಿನಲ್ಲಿ ತಗೊಂಡು ಹೋಗಿ. ಡೆಮೋ ಸಾಧನದಲ್ಲಿ ತೆರೆದು ಒಂದು ಪುಟ ಪೂರ್ತಿ ಓದಿ. ನಾಲ್ಕು ಸಾಲು ಕನ್ನಡ ಟೈಪ್ ಮಾಡಿ. ಬ್ರೌಸರ್‌ನಲ್ಲಿ ಒಂದು ಫಾರ್ಮ್ ಅರ್ಧ ತುಂಬಿ, ಬೇರೆ ನಾಲ್ಕು ಆ್ಯಪ್ ತೆರೆದು ವಾಪಸ್ ಬನ್ನಿ, ತುಂಬಿದ್ದು ಉಳಿದಿದೆಯಾ ನೋಡಿ. ಬಾಗಿಲ ಹೊರಗೆ ಬಿಸಿಲಿಗೆ ತಂದು ಪರದೆ ಕಾಣುತ್ತದಾ ನೋಡಿ. ಯಾರು ದಿನಾ ಬಳಸುತ್ತಾರೋ ಅವರೇ ಮಾಡಲಿ. ಮಗಳಿಗೆ ತರುವುದಾದರೆ ಮಗಳನ್ನು ಕರೆದುಕೊಂಡು ಹೋಗಿ. ಅಂಗಡಿಯವರು ಮುಖ ಸಿಂಡರಿಸಿದರೆ ಪಕ್ಕದ ಅಂಗಡಿಗೆ ಹೋಗಿ, ಸೂಪರ್ ಮಾರ್ಕೆಟ್‌ನಲ್ಲಿ ಅಂಗಡಿಗಳಿಗೆ ಬರವಿಲ್ಲ.

ಹಳೆಯ ಫೋನ್ ಅಥವಾ ಸಿಮ್ ಇರುವ ಟ್ಯಾಬ್ ತಗೊಳ್ಳುವುದಾದರೆ ಐಎಂಇಐ ನಂಬರ್, ಅಂದರೆ ಆ ಸಾಧನದ ಗುರುತಿನ ಸಂಖ್ಯೆ ಕೇಳಿ. ಫೋನಿನಲ್ಲಿ *#06# ಒತ್ತಿದರೆ ಅದು ಕಾಣುತ್ತದೆ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಆ ನಂಬರ್ ಹಾಕಿ ನೋಡಿ. ಕಳವಾಗಿದೆ ಅಂತ ಬ್ಲಾಕ್ ಮಾಡಿಸಿದ್ದರೆ ಅಲ್ಲಿ ಗೊತ್ತಾಗುತ್ತದೆ. ಹಳೆಯ ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಅರ್ಧ ಗಂಟೆ ವಿಡಿಯೋ ಓಡಿಸಿ, ಬ್ಯಾಟರಿ ಶೇಕಡಾ ಎಷ್ಟು ಇಳಿಯಿತು ನೋಡಿ. ಎಲ್ಲ ಕೀಗಳನ್ನೂ ಒಂದೊಂದಾಗಿ ಒತ್ತಿ ನೋಡಿ. ಸ್ಪೇಸ್ ಮತ್ತು ಎಂಟರ್ ಕೀ ಹೆಚ್ಚು ಸವೆದಿರುತ್ತವೆ.

ಹೆಜ್ಜೆ 9: ಬಿಲ್ಲು

ಬೆಲೆ ಮಾತಾಡುವಾಗ ಕವರ್, ಸ್ಕ್ರೀನ್ ಗಾರ್ಡ್, ಪೆನ್, ಕೀಬೋರ್ಡ್, ಮೌಸ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ಪೆನ್ ಮತ್ತು ಕೀಬೋರ್ಡ್ ಕವರ್ ಸೇರಿ ಟ್ಯಾಬ್‌ನ ಬೆಲೆ ಎಷ್ಟೋ ಸಲ ಲ್ಯಾಪ್‌ಟಾಪ್ ಹತ್ತಿರ ಹೋಗುತ್ತದೆ. ಆಗ ಹೆಜ್ಜೆ 1ರ ಪಟ್ಟಿ ಮತ್ತೊಮ್ಮೆ ತೆಗೆದು ನೋಡಿ.

"ಬಿಲ್ ಬ್ಯಾಡ ಅಂದ್ರ ಕಮ್ಮಿಗೆ ಕೊಡ್ತೀನ್ರಿ" ಅಂದರೆ ಒಪ್ಪಬೇಡಿ. ಮೊಬೈಲ್, ಟ್ಯಾಬ್, ಲ್ಯಾಪ್‌ಟಾಪ್ ಮೂರಕ್ಕೂ ಜಿಎಸ್‌ಟಿ ಶೇ. 18. ಅದು ಸೇರಿದ ಬಿಲ್ಲಿನ ಮೇಲೆ ಐಎಂಇಐ ಅಥವಾ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಕೇಳುವಾಗ ಮೊದಲು ನೋಡುವುದು ಅದನ್ನೇ. ಆ ಕಂಪನಿಯ ಸರ್ವಿಸ್ ಸೆಂಟರ್ ಕಲಬುರಗಿಯಲ್ಲೇ ಇದೆಯಾ, ಹೈದರಾಬಾದಿಗೆ ಕಳಿಸಬೇಕಾ ಅಂತಲೂ ಆಗಲೇ ಕೇಳಿಕೊಳ್ಳಿ. ಬಿಲ್ಲಿನ ಫೋಟೋ ತೆಗೆದು ನಿಮಗೇ ಇಮೇಲ್ ಮಾಡಿಕೊಳ್ಳಿ, ಕಾಗದದ ಮೇಲಿನ ಅಕ್ಷರ ಕೆಲವು ಸಲ ಮಾಸಿಹೋಗುತ್ತದೆ. ವಾರಂಟಿ ಇದ್ದೂ ರಿಪೇರಿ ಮಾಡಿಕೊಡದೆ ಓಡಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್ ನಂಬರ್ ಎದುರಿಗೆ ಇಟ್ಟುಕೊಂಡೇ ಮಾತಾಡಿ.